ಸೂರ್ಯನ ಗಡಿಯಲ್ಲಿ ಕಣಗಣತಿ

ವಾಯೇಜರ್-1 ನೌಕೆ 2012ರ ಆಗಸ್ಟ್ 25ರಂದು ಸೂರ್ಯನ ಸೀಮೆಯನ್ನು ದಾಟಿತು ಎಂಬುದು ಈಗ ಒಂದೇ ಸಾಲಿನಲ್ಲಿ ಹೇಳಿ ಮುಗಿಸುವ ಸಂಗತಿ. ಆದರೆ ಆ ದಿನದಿಂದ ಒಂದು ವರ್ಷಕ್ಕೂ ಹೆಚ್ಚು ಕಾಲ, ನೌಕೆ ಕಳಿಸುತ್ತಿದ್ದ ಅಂಕಿಗಳನ್ನು ನಿತ್ಯ ಓದುತ್ತಿದ್ದವರೇ ಆ ಒಂದು ಸಾಲನ್ನು ಹೇಳಲು ಹಿಂಜರಿದರು. 2013ರ ಸೆಪ್ಟೆಂಬರ್ 12ರಂದು ನಾಸಾ ಅಧಿಕೃತವಾಗಿ ಘೋಷಿಸಿದ ಮೇಲೂ ಒಪ್ಪದೆ ಉಳಿದ ಹಿರಿಯ ವಿಜ್ಞಾನಿಗಳಿದ್ದರು. ಅವರು ಹಟಕ್ಕಾಗಿ ಹಟ ಮಾಡಿದವರಲ್ಲ. ನೌಕೆಯಲ್ಲಿದ್ದ ಸಾಕ್ಷಿಗಳಲ್ಲೇ ಒಮ್ಮತವಿರಲಿಲ್ಲ. ವೇಗದ ಕಣಗಳನ್ನು ಎಣಿಸುವ ಉಪಕರಣಗಳು ದಾಟಿದ್ದೇವೆ ಎನ್ನುತ್ತಿದ್ದವು. ಕಾಂತಕ್ಷೇತ್ರವನ್ನು ಅಳೆಯುವ ಉಪಕರಣ ಅಂಥದ್ದೇನೂ ಆಗಿಲ್ಲ ಎನ್ನುತ್ತಿತ್ತು. ಇಬ್ಬರ ಜಗಳ ಬಿಡಿಸಬಹುದಾಗಿದ್ದ ಮೂರನೆಯ ಸಾಕ್ಷಿ, ಅಂದರೆ ಸೌರಮಾರುತವನ್ನು ನೇರವಾಗಿ ಅಳೆಯುವ ಪ್ಲಾಸ್ಮಾ ಉಪಕರಣ, ಶನಿಯನ್ನು ದಾಟಿದ 1980ರಲ್ಲೇ ಕೆಟ್ಟು ಮೂಕವಾಗಿತ್ತು. ಈ ಜಗಳದಲ್ಲಿ ಕಣಗಳ ಮಾತೇ ನಿಜವಾಗಿತ್ತು, ಮತ್ತು ಅದು ಅದೃಷ್ಟದಿಂದ ನಿಜವಾದದ್ದಲ್ಲ ಎಂಬುದು ಈ ಅಧ್ಯಾಯದ ವಾದ. ಅದನ್ನು ಒಪ್ಪಿಸಬೇಕಾದರೆ ಇದೇ ಕಣಗಳು ಹತ್ತು ವರ್ಷ ಮೊದಲು ವಿಜ್ಞಾನಿಗಳನ್ನು ದಾರಿ ತಪ್ಪಿಸಿದ್ದನ್ನೂ ಮುಚ್ಚಿಡದೆ ಹೇಳಬೇಕಾಗುತ್ತದೆ.

ಮೊದಲು ಈ ಸೀಮೆ ಯಾವುದೆಂದು ನೋಡೋಣ. ಸೂರ್ಯ ಬೆಳಕನ್ನಷ್ಟೇ ಕೊಡುವುದಿಲ್ಲ. ತನ್ನ ಮೈಯಿಂದ ಪ್ರೋಟಾನು, ಎಲೆಕ್ಟ್ರಾನುಗಳನ್ನು ಎಲ್ಲ ದಿಕ್ಕಿಗೂ ಸೆಕೆಂಡಿಗೆ ಸುಮಾರು 400 ಕಿಲೋಮೀಟರ್ ವೇಗದಲ್ಲಿ ಊದುತ್ತಲೇ ಇರುತ್ತಾನೆ. ಯೂಜೀನ್ ಪಾರ್ಕರ್ 1958ರಲ್ಲಿ ಈ ಸೌರಮಾರುತದ ಲೆಕ್ಕವನ್ನು ಬರೆದು ಕಳಿಸಿದಾಗ ಪರಿಶೀಲಕರಿಬ್ಬರೂ ಬೇಡವೆಂದರು. ಆಸ್ಟ್ರೋಫಿಸಿಕಲ್ ಜರ್ನಲ್‌ನ ಸಂಪಾದಕರಾಗಿದ್ದ ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರಿಗೂ ಆ ವಿಚಾರ ರುಚಿಸಿರಲಿಲ್ಲ. ಗಣಿತದಲ್ಲಿ ತಪ್ಪು ಸಿಗಲಿಲ್ಲವೆಂಬ ಒಂದೇ ಕಾರಣಕ್ಕೆ ಅಚ್ಚು ಹಾಕಿಸಿದರು. ಈ ಮಾರುತ ದೂರ ಹೋದಂತೆ ತೆಳ್ಳಗಾಗುತ್ತದೆ. ಎಲ್ಲೋ ಒಂದು ಕಡೆ ಹೊರಗಿನ ನಕ್ಷತ್ರಲೋಕದ ಅನಿಲದ ಒತ್ತಡಕ್ಕೆ ಸಿಕ್ಕಿ ನಿಲ್ಲಲೇಬೇಕು. ನಿಲ್ಲುವುದು ಎರಡು ಹಂತದಲ್ಲಿ. ಕೆರೆಯ ಕೋಡಿ ಬಿದ್ದಾಗ ಇಳಿಜಾರಿನಲ್ಲಿ ತೆಳ್ಳಗೆ, ಬಿರುಸಾಗಿ ಜಾರಿದ ನೀರು ತಳದಲ್ಲಿ ಥಟ್ಟನೆ ನೊರೆಯೆದ್ದು ದಪ್ಪಗಾಗಿ ನಿಧಾನಗೊಳ್ಳುತ್ತದಲ್ಲ, ಸೌರಮಾರುತಕ್ಕೂ ಅಂಥದೊಂದು ಜಾಗವಿದೆ. ಟರ್ಮಿನೇಷನ್ ಶಾಕ್ ಎಂದು ಕರೆಯುವ ಅದನ್ನು ಇಲ್ಲಿ ಆಘಾತದಂಚು ಎನ್ನೋಣ. ಅದರಾಚೆ ನಿಧಾನಗೊಂಡ ಸೌರಮಾರುತದ ದಪ್ಪ ಪೊರೆ. ಆ ಪೊರೆಯ ಹೊರಮೈಯೇ ಹೀಲಿಯೋಪಾಸ್. ಸೂರ್ಯನ ದ್ರವ್ಯ ಮುಗಿದು ನಕ್ಷತ್ರಲೋಕದ ದ್ರವ್ಯ ಶುರುವಾಗುವ ಗಡಿ. ಭೂಮಿ–ಸೂರ್ಯರ ನಡುವಿನ ದೂರವನ್ನು, ಅಂದರೆ ಸುಮಾರು 15 ಕೋಟಿ ಕಿಲೋಮೀಟರನ್ನು, ಒಂದು ಖಗೋಳಮಾನ ಎಂದಿಟ್ಟುಕೊಂಡರೆ ಈ ಗಡಿ ಸುಮಾರು 120 ಖಗೋಳಮಾನ ದೂರದಲ್ಲಿದೆ. ವಾಯೇಜರ್‌ಗಳು ಹೊರಟ 1977ರಲ್ಲಿ ಇದು ಯಾರಿಗೂ ಖಚಿತವಿರಲಿಲ್ಲ.

ಗಡಿ ಎಂದಕೂಡಲೇ ಗೋಡೆಯೊಂದನ್ನು ಕಲ್ಪಿಸಿಕೊಳ್ಳುವುದು ಸಹಜ. ಆದರೆ ಅಲ್ಲಿ ಮುಟ್ಟಿ ನೋಡಲು ಏನೂ ಇಲ್ಲ. ಗಡಿಯ ಒಳಗಿನ ಪೊರೆಯಲ್ಲಿ ಒಂದು ಲೀಟರ್ ಜಾಗಕ್ಕೆ ಎರಡು ಎಲೆಕ್ಟ್ರಾನು ಸಿಕ್ಕಿದರೆ ಹೆಚ್ಚು, ಹೊರಗೆ ಎಂಬತ್ತರಷ್ಟು. ನಮ್ಮ ಪ್ರಯೋಗಶಾಲೆಗಳ ಲೆಕ್ಕದಲ್ಲಿ ಎರಡೂ ಬರಿ ಶೂನ್ಯವೇ. ಪ್ಲಾಸ್ಮಾ ಉಪಕರಣ ಸತ್ತಿದ್ದ ವಾಯೇಜರ್-1ಕ್ಕೆ ಈ ವ್ಯತ್ಯಾಸವನ್ನು ನೇರವಾಗಿ ಹಿಡಿಯುವ ದಾರಿ ಇರಲಿಲ್ಲ. ಉಳಿದಿದ್ದದ್ದು ಜನಸಂಖ್ಯೆಯಲ್ಲಿ ನಗಣ್ಯವಾದರೂ ಓಟದಲ್ಲಿ ಮುಂದಿರುವ ಅಲ್ಪಸಂಖ್ಯಾತರು, ಅಂದರೆ ಬೆಳಕಿನ ವೇಗದ ಹತ್ತಾರು ಪಾಲಿನಲ್ಲೊಂದು ಪಾಲಿನಿಂದ ಹಿಡಿದು ಬೆಳಕನ್ನೇ ಬೆನ್ನಟ್ಟುವ ವೇಗದವರೆಗೆ ಓಡುವ ಪರಮಾಣು ಬೀಜಗಳು. ಕರ್ನಾಟಕದಿಂದ ಮಹಾರಾಷ್ಟ್ರಕ್ಕೆ ಹೋಗುವ ಬಸ್ಸಿನಲ್ಲಿ ಮಣ್ಣಿನ ಬಣ್ಣ ನೋಡಿ ಗಡಿ ಗುರುತಿಸಲಾಗದು. ರಸ್ತೆಯ ದಿಕ್ಕು ನೋಡಿಯೂ ಆಗದು. ಹತ್ತುವವರ, ಇಳಿಯುವವರ ಮಾತು ಕೇಳುತ್ತ ಹೋದರೆ ಗೊತ್ತಾಗುತ್ತದೆ. ವಾಯೇಜರ್ ಮಾಡಿದ್ದು ಹೆಚ್ಚುಕಡಿಮೆ ಅದನ್ನೇ.

ಕೇಳುವ ಕಿವಿಗಳು ಎರಡು. ಒಂದು, ಕಡಿಮೆ ಶಕ್ತಿಯ ಆವೇಶಭರಿತ ಕಣಗಳ ಶೋಧಕ. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಅನ್ವಯಿಕ ಭೌತವಿಜ್ಞಾನ ಪ್ರಯೋಗಾಲಯದ ಟಾಮ್ ಕ್ರಿಮಿಜಿಸ್ ತಂಡ ಕಟ್ಟಿದ್ದು. ಇನ್ನೊಂದು, ವಿಶ್ವಕಿರಣಗಳ ಶೋಧಕ. ಕ್ಯಾಲ್‌ಟೆಕ್‌ನ ಎಡ್ವರ್ಡ್ ಸ್ಟೋನ್ ಮುಂತಾದವರದ್ದು. ಎರಡರ ಹೃದಯವೂ ಸಿಲಿಕಾನಿನ ತೆಳು ಬಿಲ್ಲೆಗಳು. ಕಣವೊಂದು ಬಿಲ್ಲೆಯನ್ನು ತೂರುವಾಗ ತನ್ನ ಶಕ್ತಿಯಲ್ಲಿ ಒಂದಷ್ಟನ್ನು ಅಲ್ಲೇ ಬಿಟ್ಟುಹೋಗುತ್ತದೆ. ಎಷ್ಟು ಬಿಡುತ್ತದೆ ಎಂಬುದು ಬೀಜದ ಆವೇಶದ ವರ್ಗದ ಜೊತೆ ಏರುತ್ತದೆ, ವೇಗ ಹೆಚ್ಚಿದಂತೆ ಇಳಿಯುತ್ತದೆ. ಆದ್ದರಿಂದ ಮೊದಲ ತೆಳು ಬಿಲ್ಲೆಯಲ್ಲಿ ಬಿಟ್ಟದ್ದನ್ನೂ ಕೊನೆಗೆ ನಿಂತ ಕಡೆ ಬಿಟ್ಟದ್ದನ್ನೂ ಹೋಲಿಸಿದರೆ ಬಂದದ್ದು ಹೈಡ್ರೋಜನ್ನೋ ಹೀಲಿಯಮ್ಮೋ ಆಕ್ಸಿಜನ್ನೋ, ಅದರ ಶಕ್ತಿ ಎಷ್ಟು ಎಂದು ಹೇಳಬಹುದು. ಕ್ರಿಮಿಜಿಸ್ ಅವರ ಉಪಕರಣಕ್ಕೆ ಇನ್ನೊಂದು ಹೆಚ್ಚುಗಾರಿಕೆಯಿತ್ತು. ಅದನ್ನು ಕೂರಿಸಿದ ಪೀಠ 192 ಸೆಕೆಂಡಿಗೊಮ್ಮೆ 45 ಡಿಗ್ರಿ ತಿರುಗಿ ಎಂಟು ದಿಕ್ಕಿಗೂ ಮುಖ ಮಾಡುತ್ತಿತ್ತು. ಕಣ ಎಷ್ಟು ಎಂಬುದರ ಜೊತೆಗೆ ಎತ್ತಣಿಂದ ಎಂಬುದೂ ತಿಳಿಯುತ್ತಿತ್ತು. ಶನಿಯವರೆಗೆ ಸಾಕೆಂದು ಐದು ಲಕ್ಷ ಹೆಜ್ಜೆಗೆ ಪರೀಕ್ಷಿಸಿದ್ದ ಆ ಪುಟ್ಟ ಮೋಟಾರು ವಾಯೇಜರ್-2ರಲ್ಲಿ 85 ಲಕ್ಷಕ್ಕೂ ಹೆಚ್ಚು ಹೆಜ್ಜೆ ಹಾಕಿತು. ಎಷ್ಟೋ ದೊಡ್ಡ ಸಿದ್ಧಾಂತಗಳು ಈ ಮೋಟಾರಿನಷ್ಟು ಬಾಳಲಿಲ್ಲ ಎಂಬುದನ್ನು ಮುಂದೆ ನೋಡುತ್ತೇವೆ.

ಈಗ ಕಣಗಳ ಕುಲ. ನಮ್ಮ ವಾದಕ್ಕೆ ಎರಡು ಕುಲಗಳು ಮುಖ್ಯ. ಹೊರಗಿನವರು ಗ್ಯಾಲಕ್ಸಿಯ ವಿಶ್ವಕಿರಣಗಳು. ಸಿಡಿದ ನಕ್ಷತ್ರಗಳ ಆಘಾತ ಅಲೆಗಳಲ್ಲಿ ವೇಗ ಪಡೆದು ಎಲ್ಲೆಡೆ ಅಲೆಯುವಂಥವು. ಸೌರಮಾರುತ ಹೊತ್ತೊಯ್ಯುವ ಕಾಂತಕ್ಷೇತ್ರ ಇವುಗಳನ್ನು ಒಳಗೆ ಬರದಂತೆ ಬಹುಮಟ್ಟಿಗೆ ತಡೆಯುತ್ತದೆ. ಒಳಗಿನವರು ಸೌರಗೋಳದಲ್ಲೇ, ಅಂದರೆ ಹೀಲಿಯೋಪಾಸ್‌ನ ಒಳಗಿನ ಸೀಮೆಯಲ್ಲೇ, ವೇಗ ಪಡೆದವು. ಅವುಗಳಲ್ಲಿ ವಿಚಿತ್ರವಾದದ್ದು ಅಸಂಗತ ವಿಶ್ವಕಿರಣ ಎಂಬ ಬಗೆ. 1970ರ ದಶಕದ ಆರಂಭದಲ್ಲಿ ಹೀಲಿಯಂ, ನೈಟ್ರೋಜನ್, ಆಕ್ಸಿಜನ್‌ಗಳು ಕಡಿಮೆ ಶಕ್ತಿಯಲ್ಲಿ ಲೆಕ್ಕ ಮೀರಿ ಸಿಗತೊಡಗಿದವು, ಆದರೆ ಇಂಗಾಲ ಮಾತ್ರ ಸಿಗಲಿಲ್ಲ. ಫಿಸ್ಕ್, ಕೊಜ್ಲೊವ್‌ಸ್ಕಿ, ರಾಮಾಟಿ ಎಂಬ ಮೂವರು 1974ರಲ್ಲಿ ಕೊಟ್ಟ ವಿವರಣೆ ಇಂದಿಗೂ ನಿಂತಿದೆ. ಆವೇಶವಿಲ್ಲದ ಪರಮಾಣುವನ್ನು ಕಾಂತಕ್ಷೇತ್ರ ತಡೆಯಲಾರದು. ಅದು ನಕ್ಷತ್ರಲೋಕದಿಂದ ಸೀದಾ ಒಳಗೆ ನಡೆದುಬರುತ್ತದೆ. ಸೂರ್ಯನ ಹತ್ತಿರ ಒಂದು ಎಲೆಕ್ಟ್ರಾನು ಕಳೆದುಕೊಂಡ ಗಳಿಗೆಗೆ ಸೌರಮಾರುತ ಅದನ್ನು ಹಿಡಿದು ಹೊರಕ್ಕೆಳೆಯುತ್ತದೆ, ದಾರಿಯಲ್ಲೆಲ್ಲೋ ಅದಕ್ಕೆ ಭಾರೀ ವೇಗ ಸಿಗುತ್ತದೆ. ಇಂಗಾಲ ಬಹುಪಾಲು ನಕ್ಷತ್ರಲೋಕದಲ್ಲೇ ಎಲೆಕ್ಟ್ರಾನೊಂದನ್ನು ಕಳೆದುಕೊಂಡಿರುವುದರಿಂದ ಬಾಗಿಲಲ್ಲೇ ತಡೆಯಾಗುತ್ತದೆ. ಹತ್ತಿ ಹೊರಗಿನದು, ಮಗ್ಗ ಒಳಗಿನದು. ಇದು ಸರಿಯಾದರೆ ಆ ಆಕ್ಸಿಜನ್ನಿಗೆ ಹೋಗಿರುವುದು ಒಂದೇ ಎಲೆಕ್ಟ್ರಾನು ಆಗಿರಬೇಕು. ಗ್ಯಾಲಕ್ಸಿಯ ಆಕ್ಸಿಜನ್ನಿಗೆ ಎಂಟೂ ಹೋಗಿರುತ್ತವೆ. ಇದನ್ನು ಪರೀಕ್ಷಿಸಿದವರಲ್ಲಿ ನಮ್ಮವರಿದ್ದರು: ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯ ಸುಕುಮಾರ್ ಬಿಸ್ವಾಸ್ ನೇತೃತ್ವದ ‘ಅನುರಾಧಾ’ ಪ್ರಯೋಗ 1985ರಲ್ಲಿ ಚಾಲೆಂಜರ್ ನೌಕೆಯ ಸ್ಪೇಸ್‌ಲ್ಯಾಬ್-3ರಲ್ಲಿ ಹಾರಿತು. ವಿಶೇಷ ಪ್ಲಾಸ್ಟಿಕ್ ಹಾಳೆಗಳಲ್ಲಿ ಕಣಗಳು ಕೊರೆದ ಗೆರೆಗಳನ್ನು ಓದಿ, ಭೂಮಿಯ ಕಾಂತಕ್ಷೇತ್ರವನ್ನೇ ಜರಡಿಯಾಗಿ ಬಳಸಿ, ಅವು ಒಂದೇ ಎಲೆಕ್ಟ್ರಾನು ಕಳೆದುಕೊಂಡವು ಎಂಬುದಕ್ಕೆ ಅದು ಸಾಕ್ಷ್ಯ ತಂದಿತು.

ವಿಶ್ವಕಿರಣಗಳನ್ನು ತಿಳಿಯಲು ಅಷ್ಟು ದೂರ ಹೋಗಬೇಕೆ ಎಂದು ಕೇಳಬಹುದು. ನಮ್ಮ ಕೋಲಾರ ಚಿನ್ನದ ಗಣಿಯ ಆಳದಲ್ಲಿ ದಶಕಗಳ ಕಾಲ ಅವುಗಳ ಸಂತತಿಯನ್ನು ಎಣಿಸಲಿಲ್ಲವೇ, 1965ರಲ್ಲಿ ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೋಗಳನ್ನು ಅಲ್ಲೇ ಹಿಡಿಯಲಿಲ್ಲವೇ? ಹಿಡಿದದ್ದು ನಿಜ. ಆದರೆ ಅಷ್ಟು ಆಳಕ್ಕೆ ಸಂತತಿಯನ್ನು ಕಳಿಸಬಲ್ಲವು ಅತಿ ಹೆಚ್ಚು ಶಕ್ತಿಯ ಕಿರಣಗಳು. ಸೌರಮಾರುತ ಅವುಗಳಿಗೆ ಲೆಕ್ಕಕ್ಕೇ ಇಲ್ಲ. ಸೂರ್ಯನ ಗಡಿ ಇದೆಯೋ ಇಲ್ಲವೋ ಎಂದು ಅವನ್ನು ಕೇಳಿ ಪ್ರಯೋಜನವಿಲ್ಲ. ಗಡಿಯಿಂದ ನಿಜವಾಗಿ ತೊಂದರೆಗೊಳಗಾಗುವ ಕಡಿಮೆ ಶಕ್ತಿಯ ಕಿರಣಗಳು ಭೂಮಿಯವರೆಗೆ ಬರುವುದೇ ಇಲ್ಲ. ಅವನ್ನು ಕೇಳಬೇಕಾದರೆ ಅವಿರುವಲ್ಲಿಗೇ ಹೋಗಬೇಕು.

ಇನ್ನು ಕಣಗಳು ತಪ್ಪು ಹೇಳಿದ ಕತೆ. 2002ರ ನಡುವಿನಲ್ಲಿ, 85 ಖಗೋಳಮಾನ ದೂರದಲ್ಲಿ, ವಾಯೇಜರ್-1ರ ಕಡಿಮೆ ಶಕ್ತಿಯ ಕಣಗಳ ಎಣಿಕೆ ಇದ್ದಕ್ಕಿದ್ದಂತೆ ಏರಿತು. ಕೆಲವು ತಿಂಗಳು ಹಾಗೇ ಉಳಿದು 2003ರ ಆರಂಭದಲ್ಲಿ ಇಳಿಯಿತು. ಎಂಟು ದಿಕ್ಕಿನ ಎಣಿಕೆಗಳನ್ನು ಹೋಲಿಸಿದ ಕ್ರಿಮಿಜಿಸ್ ತಂಡ ಸೌರಮಾರುತ ತೀರಾ ನಿಧಾನವಾಗಿದೆ, ನೌಕೆ ಆಘಾತದಂಚನ್ನು ದಾಟಿ ಮತ್ತೆ ಒಳಗೆ ಬಂದಿದೆ ಎಂದು ತೀರ್ಮಾನಿಸಿತು. ಫ್ರಾಂಕ್ ಮೆಕ್‌ಡೊನಾಲ್ಡ್ ಮತ್ತು ಸಂಗಡಿಗರು ವಿಶ್ವಕಿರಣ ಶೋಧಕದ ಅಂಕಿಗಳನ್ನು ಹಿಡಿದು ಇಲ್ಲ, ಇನ್ನೂ ದಾಟಿಲ್ಲ, ಅಂಚು ಹತ್ತಿರವಿದೆ ಅಷ್ಟೆ ಎಂದರು. 2003ರ ನವೆಂಬರ್‌ನಲ್ಲಿ ನೇಚರ್ ಪತ್ರಿಕೆ ಎರಡನ್ನೂ ಒಂದೇ ಸಂಚಿಕೆಯಲ್ಲಿ ಅಚ್ಚು ಹಾಕಿತು. ಒಂದೇ ನೌಕೆ, ಒಂದೇ ಕಾಲ, ಎರಡು ಉಪಕರಣ, ಎರಡು ತೀರ್ಪು! ಕೊನೆಗೆ ಮೆಕ್‌ಡೊನಾಲ್ಡ್ ಕಡೆಯವರೇ ಸರಿ ಎಂದಾಯಿತು. ದಾಟಿದ್ದರೆ ಕಾಂತಕ್ಷೇತ್ರ ಒಮ್ಮೆಲೇ ಬಲಗೊಳ್ಳಬೇಕಿತ್ತು, ಆಗಿರಲಿಲ್ಲ. ಅದು ಬಲಗೊಂಡದ್ದು 2004ರ ಡಿಸೆಂಬರ್ 16ರ ಹೊತ್ತಿಗೆ, 94 ಖಗೋಳಮಾನದಲ್ಲಿ. (ಇಪ್ಪತ್ತೇಳು ವರ್ಷ ಕಾದು ಕುಳಿತಿದ್ದ ಆ ಗಳಿಗೆಯಲ್ಲೇ ಭೂಮಿಯ ಯಾವ ಆಂಟೆನಾವೂ ವಾಯೇಜರ್ ಕಡೆ ತಿರುಗಿರಲಿಲ್ಲ, ದಾಟುವ ಮೊದಲಿನ ಮತ್ತು ನಂತರದ ಅಂಕಿಗಳು ಮಾತ್ರ ಸಿಕ್ಕವು.) 2002ರಲ್ಲಿ ಕಂಡದ್ದು ಆಘಾತದಂಚಿನ ದೂರದ ಯಾವುದೋ ಭಾಗಕ್ಕೆ ತಗುಲಿದ್ದ ಕಾಂತರೇಖೆಗಳನ್ನು ಹಿಡಿದು ಸೋರಿಬಂದ ಕಣಗಳು. ಜಾತ್ರೆಯ ಸದ್ದು ಗಾಳಿ ಬೀಸಿದ ಕಡೆ ಎರಡು ಹರದಾರಿ ಕೇಳಿಸುತ್ತದೆ. ಕೇಳಿಸಿತೆಂದ ಮಾತ್ರಕ್ಕೆ ಜಾತ್ರೆಯೊಳಗೆ ನಿಂತಿದ್ದೇವೆ ಎಂದಲ್ಲ.

ಈ ಸೋಲಿನಿಂದ ಏನು ತಿಳಿಯಿತು? ಆವೇಶಭರಿತ ಕಣಗಳು ಕಾಂತರೇಖೆಯ ಉದ್ದಕ್ಕೆ ಸಲೀಸಾಗಿ ಓಡುತ್ತವೆ, ಅಡ್ಡಕ್ಕೆ ಸುಲಭವಾಗಿ ದಾಟಲಾರವು. ಹಾಗಾಗಿ ಒಂದೇ ಕುಲದ ಎಣಿಕೆ ಏರಿತೋ ಇಳಿಯಿತೋ ಎಂಬುದು ನಾವು ನಿಂತ ಜಾಗದ ಬಗ್ಗೆ ಹೇಳದಿರಬಹುದು. ನಾವು ನಿಂತ ರೇಖೆಯ ಇನ್ನೊಂದು ತುದಿ ಎಲ್ಲಿದೆ ಎಂಬುದನ್ನಷ್ಟೇ ಹೇಳುತ್ತಿರಬಹುದು. ಆಘಾತದಂಚಿನ ಮೇಲೆ ಕಾದಿದ್ದ ಎರಡನೆಯ ಆಶ್ಚರ್ಯವೂ ಇದನ್ನೇ ಒತ್ತಿ ಹೇಳಿತು. ಅಸಂಗತ ವಿಶ್ವಕಿರಣಗಳ ಮಗ್ಗ ಇರುವುದು ಈ ಅಂಚಿನಲ್ಲೇ ಎಂದು 1981ರಿಂದ ಹೆಚ್ಚಿನವರು ನಂಬಿದ್ದರು. ನೌಕೆ ಅಂಚನ್ನು ದಾಟುವಾಗ ಅವುಗಳ ಎಣಿಕೆ ಶಿಖರ ಮುಟ್ಟಬೇಕಿತ್ತು. ಮುಟ್ಟಲಿಲ್ಲ; ನೌಕೆ ಪೊರೆಯೊಳಗೆ ಮುಂದೆ ಹೋದಂತೆ ಏರುತ್ತಲೇ ಹೋಯಿತು. 2007ರ ಆಗಸ್ಟ್ ಕೊನೆಯಲ್ಲಿ ವಾಯೇಜರ್-2 ಸುಮಾರು 84 ಖಗೋಳಮಾನದಲ್ಲಿ ಅಂಚನ್ನು ದಾಟಿದಾಗಲೂ ಹಾಗೇ. ಅದರ ಪ್ಲಾಸ್ಮಾ ಉಪಕರಣ ಜೀವಂತವಿದ್ದುದರಿಂದ ಇನ್ನೊಂದು ವಿಷಯ ಬಯಲಾಯಿತು: ಸೌರಮಾರುತ ಅಲ್ಲಿ ಕಳೆದುಕೊಂಡ ಶಕ್ತಿಯ ದೊಡ್ಡ ಪಾಲು ಸಾಮಾನ್ಯ ಕಣಗಳನ್ನು ಬಿಸಿ ಮಾಡಲು ಹೋಗದೆ, ದಾರಿಯಲ್ಲಿ ಹಿಡಿದು ತಂದ ಆ ಹೊರಗಿನ ಅಯಾನುಗಳ ಪಾಲಾಗಿತ್ತು. ಮಗ್ಗ ಎಲ್ಲಿದೆ? ಅಂಚು ಮುಂದೆ ಮೊಂಡಾಗಿರುವುದರಿಂದ ನೇಯ್ಗೆ ಪಕ್ಕೆಗಳಲ್ಲಿ ನಡೆಯುತ್ತದೆ ಎಂದು ಮೆಕೋಮಸ್ ಮತ್ತು ಶ್ವಾಡ್ರನ್ 2006ರಲ್ಲಿ ಹೇಳಿದರು. ಕಾಂತರೇಖೆಗಳು ಕಡಿದು ಮತ್ತೆ ಕೂಡುವಾಗ ಪೊರೆಯೊಳಗೇ ನಡೆಯುತ್ತದೆ ಎಂದು ಬೇರೆಯವರು. ನನಗೆ ಮೊದಲಿನದು ಹೆಚ್ಚು ಸರಳವೆನಿಸುತ್ತದೆ. ನಮ್ಮ ಗಡಿಯ ಪ್ರಶ್ನೆಗೆ ಸಾಲುವಷ್ಟು ತಿಳಿವಳಿಕೆ ಮಾತ್ರ ಎರಡರಲ್ಲೂ ಸಮಾನ: ಈ ಕಣಗಳು ಒಳಗೇ ತಯಾರಾಗುತ್ತವೆ, ಹೊರಗಲ್ಲ.

2010ರಲ್ಲಿ ಕ್ರಿಮಿಜಿಸ್ ಉಪಕರಣದ ತಿರುಗುವ ಪೀಠ ತನ್ನ ಬೆಲೆಯನ್ನು ತೋರಿಸಿತು. ಮಳೆಯಲ್ಲಿ ಓಡುವವನ ಎದೆ ಹೆಚ್ಚು ನೆನೆಯುತ್ತದೆ, ಬೆನ್ನು ಕಡಿಮೆ. ಹಾಗೆಯೇ ಕಣಗಳ ಹಿಂಡು ಗಾಳಿಯ ಜೊತೆ ಸಾಗುತ್ತಿದ್ದರೆ ಗಾಳಿ ಬೀಸುವ ಕಡೆಯಿಂದ ಹೆಚ್ಚು ಎಣಿಕೆ, ಎದುರು ಕಡೆಯಿಂದ ಕಡಿಮೆ ಎಣಿಕೆ ಬರುತ್ತದೆ. ವ್ಯತ್ಯಾಸದಿಂದ ಗಾಳಿಯ ವೇಗ ತೆಗೆಯಬಹುದು. ಕಾಂಪ್ಟನ್ ಮತ್ತು ಗೆಟಿಂಗ್ 1935ರಲ್ಲಿ ವಿಶ್ವಕಿರಣಗಳಿಗೆಂದು ಯೋಚಿಸಿದ ತತ್ವವಿದು. ಸತ್ತ ಪ್ಲಾಸ್ಮಾ ಉಪಕರಣದ ಕೆಲಸವನ್ನು ಕಣಶೋಧಕ ಹೀಗೆ ಬದಲಿಯಾಗಿ ಮಾಡುತ್ತಿತ್ತು. ವರ್ಷದಿಂದ ವರ್ಷಕ್ಕೆ ಇಳಿಯುತ್ತ ಬಂದ ಹೊರಮುಖ ವೇಗ 2010ರಲ್ಲಿ, ಸುಮಾರು 113 ಖಗೋಳಮಾನದಲ್ಲಿ, ಸೊನ್ನೆಗೆ ಬಂತು. ಗಾಳಿ ಗಡಿಗೆ ತಾಗಿ ಮೇಲಕ್ಕೋ ಕೆಳಕ್ಕೋ ತಿರುಗಿರಬಹುದೆಂದು ಇಡೀ ನೌಕೆಯನ್ನೇ ಹೊರಳಿಸಿ ನೋಡಿದರೆ ಆ ದಿಕ್ಕಿನಲ್ಲೂ ಹರಿವಿರಲಿಲ್ಲ. ಸೌರಮಾರುತ ಸುಮ್ಮನೆ ನಿಂತಿತ್ತು. ಯಾವ ಮಾದರಿಯೂ ಮುಂಚೆ ಹೀಗೆಂದಿರಲಿಲ್ಲ.

2012ಕ್ಕೆ ಬರೋಣ. ಮೇ 7ರಿಂದ ಗ್ಯಾಲಕ್ಸಿಯ ವಿಶ್ವಕಿರಣಗಳ ಎಣಿಕೆ ಒಂದು ವಾರದಲ್ಲಿ ಶೇ. 5, ಒಂದು ತಿಂಗಳಲ್ಲಿ ಶೇ. 9ರಷ್ಟು ಏರಿತು, ಅದಕ್ಕೆ ಹಿಂದಿನ ಮೂರು ವರ್ಷಗಳಲ್ಲಿ ಒಟ್ಟು ಏರಿದ್ದೇ ಶೇ. 25. ಜುಲೈ 28ರಂದು ಒಳಗಿನ ಕಣಗಳು ಥಟ್ಟನೆ ಇಳಿದವು, ಕೆಲವೇ ದಿನಗಳಲ್ಲಿ ಮರಳಿದವು. ಆಗಸ್ಟ್ ನಡುವಿನಲ್ಲಿ ಮತ್ತೆ ಇಳಿದವು, ಮತ್ತೆ ಮರಳಿದವು. ಆಗಸ್ಟ್ 25ರಂದು, 121.6 ಖಗೋಳಮಾನದಲ್ಲಿ, ಇಳಿದವು ಮತ್ತೆ ಏಳಲಿಲ್ಲ. ಎಣಿಕೆ ಸಾವಿರದಲ್ಲೊಂದಕ್ಕೂ ಕೆಳಗೆ ಹೋಯಿತು. ಅದೇ ಹೊತ್ತಿಗೆ ಹೊರಗಿನ ಕಿರಣಗಳು ಇನ್ನೊಂದು ಮೆಟ್ಟಿಲು ಮೇಲೇರಿ ಅಲ್ಲೇ ನಿಂತವು. ಪ್ರತಿ ಸಣ್ಣ ಇಳಿತದಲ್ಲೂ ಇದೇ ಜೋಡಿಯಾಟ: ಒಳಗಿನವು ಇಳಿದಾಗ ಹೊರಗಿನವು ಏರುತ್ತಿದ್ದವು, ಒಳಗಿನವು ಮರಳಿದಾಗ ಹೊರಗಿನವು ತಗ್ಗುತ್ತಿದ್ದವು. 2002ರಲ್ಲಿ ಇಲ್ಲದಿದ್ದದ್ದು ಇದೇ. ಅಂದು ಒಂದೇ ಕುಲ ಸದ್ದು ಮಾಡಿತ್ತು. ಈಗ ಎರಡು ಕುಲಗಳು ತಕ್ಕಡಿಯ ಎರಡು ತಟ್ಟೆಗಳಂತೆ ಒಟ್ಟಿಗೆ ಆಡುತ್ತಿದ್ದವು. ಬಲೂನಿನಲ್ಲಿ ಏರಿದ ವಿಕ್ಟರ್ ಹೆಸ್ ವಿಶ್ವಕಿರಣಗಳನ್ನು ಕಂಡದ್ದು 1912ರ ಆಗಸ್ಟ್ 7ರಂದು. ಅವುಗಳನ್ನು ಅವುಗಳ ಮನೆಯಂಗಳದಲ್ಲೇ ಕಾಣಲು ನೂರು ವರ್ಷ, ಹದಿನೆಂಟು ದಿನ ಬೇಕಾಯಿತು.

ಆದರೆ ಕಾಂತಮಾಪಕ ಒಪ್ಪಲಿಲ್ಲ. ಸೂರ್ಯ ತನ್ನ ಸುತ್ತ ತಾನು ತಿರುಗುವುದರಿಂದ ಅವನ ಕಾಂತರೇಖೆಗಳು ಸುರುಳಿ ಸುತ್ತಿ, ಅಷ್ಟು ದೂರದಲ್ಲಿ ಹೆಚ್ಚುಕಡಿಮೆ ಪೂರ್ವ–ಪಶ್ಚಿಮವಾಗಿ ಮಲಗಿರುತ್ತವೆ. ನಕ್ಷತ್ರಲೋಕದ ಕಾಂತಕ್ಷೇತ್ರ ಆ ದಿಕ್ಕಿಗೆ ಓರೆಯಾಗಿದೆ ಎಂದು ಬೇರೆ ಆಧಾರಗಳಿಂದ ಗೊತ್ತಿತ್ತು. ದಾಟಿದ ಕೂಡಲೇ ದಿಕ್ಕು ಬದಲಾಗಬೇಕು ಎಂಬುದು ಎಲ್ಲರೂ ಮುಂಚೆಯೇ ಒಪ್ಪಿಕೊಂಡಿದ್ದ ಷರತ್ತು. ಕ್ಷೇತ್ರದ ಬಲವೇನೋ 0.4 ನ್ಯಾನೊಟೆಸ್ಲಾ ಸುತ್ತಮುತ್ತಲಿಗೆ ಏರಿತು, ಅಂದರೆ ಭೂಮಿಯ ಮೇಲಿನದರ ಸುಮಾರು ಲಕ್ಷದಲ್ಲೊಂದು ಪಾಲು. ದಿಕ್ಕು ಮಾತ್ರ ಎರಡು ಡಿಗ್ರಿಗಿಂತ ಹೆಚ್ಚು ಕದಲಲಿಲ್ಲ. ಹಾಗಾಗಿ 2012ರ ಕೊನೆಯಲ್ಲಿ ವಾಯೇಜರ್ ತಂಡ ‘ಕಾಂತ ಹೆದ್ದಾರಿ’ ಎಂಬ ಹೊಸ ಹೆಸರು ಹುಡುಕಿತು: ನೌಕೆ ಇನ್ನೂ ಒಳಗೇ ಇದೆ, ಆದರೆ ಅದು ನಿಂತ ರೇಖೆಗಳು ಹೊರಗಿನ ರೇಖೆಗಳಿಗೆ ಕೂಡಿಕೊಂಡು ಒಳಗಿನ ಕಣ ಹೊರಗೆ, ಹೊರಗಿನ ಕಣ ಒಳಗೆ ಓಡಾಡಲು ದಾರಿಯಾಗಿದೆ ಎಂದು. 2013ರ ಮಾರ್ಚ್‌ನಲ್ಲಿ ಬಿಲ್ ವೆಬರ್ ಮತ್ತು ಮೆಕ್‌ಡೊನಾಲ್ಡ್ ಅವರ ಪ್ರಬಂಧ ಕಣಗಳ ಆಧಾರದ ಮೇಲೆ ಗಡಿ ದಾಟಿದ್ದಾಯಿತು ಎಂದಾಗ ನಾಸಾ ಅದನ್ನು ಒಪ್ಪಲಿಲ್ಲ. ಹತ್ತು ವರ್ಷದ ಹಿಂದೆ ಇಲ್ಲ ಎಂದು ಗೆದ್ದಿದ್ದ ಮೆಕ್‌ಡೊನಾಲ್ಡ್ ಈ ಸಲ ಹೌದು ಎನ್ನುತ್ತಿದ್ದರು. ಪ್ರಬಂಧ ಹೊರಬರುವಾಗ ಅವರು ಬದುಕಿರಲಿಲ್ಲ. ದಾಟಿದ ಆರೇ ದಿನಕ್ಕೆ, 2012ರ ಆಗಸ್ಟ್ 31ರಂದು, ತೀರಿಕೊಂಡಿದ್ದರು.

ಹೆದ್ದಾರಿಯ ವಾದವನ್ನು ಹಗುರಾಗಿ ತಳ್ಳಿಹಾಕುವಂತಿಲ್ಲ. 2002ರ ಪಾಠವೇ ಅದರ ಬೆನ್ನಿಗಿದೆ. ಅದರ ಪರವಾದ ಸೂಕ್ಷ್ಮ ಪುರಾವೆಯೂ ಇತ್ತು. ಒಳಗಿನ ಕಣಗಳು ಮಾಯವಾಗುವಾಗ ಕಾಂತರೇಖೆಯ ಉದ್ದಕ್ಕೆ ಓಡುವವು ಮೊದಲು ಹೋದವು, ರೇಖೆಗೆ ಅಡ್ಡಲಾಗಿ ಗಿರಕಿ ಹೊಡೆಯುವವು ಕೊಂಚ ಕಾಲ ತಂಗಿದವು. ಬಾಗಿಲು ತೆರೆದ ಮನೆಯಿಂದ ಜನ ಹೊರಬೀಳುವ ರೀತಿ ಇದು. ಆದರೆ ಇದರಿಂದ ಸಿದ್ಧವಾಗುವುದು ರೇಖೆಗಳ ತುದಿ ಹೊರಗಿದೆ ಎಂಬುದಷ್ಟೆ. ನೌಕೆ ಒಳಗಿದೆ ಎಂಬುದಲ್ಲ. ಹೆದ್ದಾರಿಯಾದರೆ ಎರಡು ಕಡೆಯಿಂದಲೂ ಸಂಚಾರವಿರಬೇಕು. ನೌಕೆ ಮುಂದೆ ಸಾಗಿದಂತೆ ಮುಚ್ಚಿದ ರೇಖೆಗಳು ಮತ್ತೆ ಸಿಕ್ಕು, ಒಳಗಿನವರು ಮತ್ತೆ ಕಾಣಿಸಿಕೊಳ್ಳಬೇಕು. ತಿಂಗಳುಗಳು ಕಳೆದರೂ ಅವು ಮರಳಲಿಲ್ಲ. ಅಲ್ಲಿನ ಕ್ಷೇತ್ರದಲ್ಲಿ ಹತ್ತು ಲಕ್ಷ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಪ್ರೋಟಾನು ಹೊಡೆಯುವ ಗಿರಕಿಯ ತ್ರಿಜ್ಯ ಸುಮಾರು ಮೂರೂವರೆ ಲಕ್ಷ ಕಿಲೋಮೀಟರ್, ಹೆಚ್ಚುಕಡಿಮೆ ಭೂಮಿಯಿಂದ ಚಂದ್ರನಷ್ಟು ದೂರ. ಸೆಕೆಂಡಿಗೆ 17 ಕಿಲೋಮೀಟರ್ ಸಾಗುವ ನೌಕೆ ಅದನ್ನು ಆರು ಗಂಟೆಯಲ್ಲಿ ದಾಟುತ್ತದೆ. ಹತ್ತಿರದಲ್ಲೇ ಒಳಗಿನ ಪ್ರದೇಶವಿದ್ದಿದ್ದರೆ ಈ ಅಗಲವಾದ ಗಿರಕಿಗಳ ಅಂಚಾದರೂ ನೌಕೆಗೆ ತಾಗುತ್ತಿತ್ತು. ಹೊರಗಿನ ಕಿರಣಗಳ ಸಾಕ್ಷಿ ಇನ್ನೂ ಗಟ್ಟಿ. ಒಳಗೆ ಎಲ್ಲೇ ನಿಂತರೂ ಅವುಗಳ ಎಣಿಕೆ ಸೂರ್ಯನ ಹನ್ನೊಂದು ವರ್ಷದ ಚಕ್ರದ ಜೊತೆ ಏರಿಳಿಯುತ್ತದೆ, ದೂರದ ಜೊತೆ ಏರುತ್ತದೆ. ಆಗಸ್ಟ್ 25ರ ನಂತರ ಆ ಏರು ನಿಂತು ಎಣಿಕೆ ಸಮತಟ್ಟಾಯಿತು. ಬೆಟ್ಟ ಹತ್ತಿದವನಿಗೆ ತಪ್ಪಲು ಮುಗಿದದ್ದು ಹೀಗೆಯೇ ತಿಳಿಯುವುದು.

ಹಾಗಾದರೆ ವಿವಾದವನ್ನು ಮುಗಿಸಿದ್ದು ಕಣಗಳಲ್ಲವಲ್ಲ, ಅಲೆಗಳಲ್ಲವೇ ಎಂದು ಬಲ್ಲವರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. 2012ರ ಮಾರ್ಚ್‌ನಲ್ಲಿ ಸೂರ್ಯನಲ್ಲಾದ ಭಾರೀ ಸ್ಫೋಟಗಳ ಅಲೆ ನಾನೂರು ದಿನ ನಡೆದು 2013ರ ಏಪ್ರಿಲ್–ಮೇ ಹೊತ್ತಿಗೆ ನೌಕೆಯ ಸುತ್ತಲಿನ ಎಲೆಕ್ಟ್ರಾನುಗಳನ್ನು ತೂಗಾಡಿಸಿತು. ತೂಗಾಟದ ಲಯ ಸಾಂದ್ರತೆಯನ್ನು ಅವಲಂಬಿಸಿದೆ. ಅಯೋವಾ ವಿಶ್ವವಿದ್ಯಾಲಯದ ಡಾನ್ ಗರ್ನೆಟ್ ತಂಡ ಸೆಕೆಂಡಿಗೆ 2,600 ಕಂಪನಗಳನ್ನು ಅಳೆದು, ಘನ ಸೆಂಟಿಮೀಟರಿಗೆ 0.08 ಎಲೆಕ್ಟ್ರಾನುಗಳಿವೆ ಎಂದು ಲೆಕ್ಕ ಹಾಕಿತು. ಒಳಗಿನದಕ್ಕಿಂತ ನಲವತ್ತು ಪಟ್ಟು, ನಕ್ಷತ್ರಲೋಕದಲ್ಲಿ ಇರಬೇಕಾದಷ್ಟೇ. ನಾಸಾ ಒಪ್ಪಿದ್ದು ಇದರಿಂದ. ಕಾದದ್ದು ಸರಿಯೇ ಆಯಿತು. ಒಮ್ಮೆ ಎಡವಿದವರು ಎರಡನೆಯ ಆಧಾರ ಕೇಳುವುದು ವಿವೇಕ. ಆದರೆ ಅಲೆಗಳು ಹೇಳಿದ್ದು ಏಪ್ರಿಲ್‌ನಲ್ಲಿ ನೌಕೆ ಹೊರಗಿದೆ ಎಂದು. ಎಂದು ದಾಟಿತು ಎಂಬುದಕ್ಕೆ ಹಿಂತಿರುಗಿ ನೋಡಿದಾಗ ಸಿಕ್ಕ ದಿನ ಕಣಗಳು ಗುರುತಿಟ್ಟಿದ್ದ ಆಗಸ್ಟ್ 25. ಅಲೆಗಳು ತೀರ್ಪಿಗೆ ಮೊಹರು ಹಾಕಿದವು; ತೀರ್ಪು ಮೊದಲೇ ಬರೆದಾಗಿತ್ತು.

ಇಷ್ಟಾದರೂ ಗ್ಲೋಕ್ಲರ್ ಮತ್ತು ಫಿಸ್ಕ್ ಒಪ್ಪಲಿಲ್ಲ. ಅಸಂಗತ ಕಿರಣಗಳ ಮೂಲ ಬಿಡಿಸಿದ ಅದೇ ಫಿಸ್ಕ್! ಸೌರಮಾರುತವೇ ಒತ್ತಿ ದಟ್ಟಗೊಂಡರೆ ಆ ಸಾಂದ್ರತೆ ಬರಬಹುದು ಎಂಬುದು ಅವರ ಲೆಕ್ಕ. ಅವರನ್ನು ಮೆಚ್ಚಬೇಕಾದದ್ದು ಇದಕ್ಕೆ: ತಮ್ಮ ವಾದ ಸುಳ್ಳಾಗುವ ದಾರಿಯನ್ನೂ ತಾವೇ ಹೇಳಿದರು. ಒಳಗಿದ್ದರೆ ಸೂರ್ಯನ ಕಾಂತಕ್ಷೇತ್ರ ತಿರುವುಮುರುವಾಗುವ ಹಾಳೆಯೊಂದನ್ನು ನೌಕೆ 2015 ಮುಗಿಯುವುದರೊಳಗೆ ದಾಟಲೇಬೇಕು ಎಂದು 2014ರಲ್ಲಿ ಬರೆದರು. 2015 ಮುಗಿಯಿತು, ಕ್ಷೇತ್ರ ತಿರುಗಲಿಲ್ಲ. ದಿಕ್ಕು ಬದಲಾಗದ ಒಗಟಿಗೂ ಅಷ್ಟರಲ್ಲಿ ಉತ್ತರ ಮೂಡಿತ್ತು. ನಕ್ಷತ್ರಲೋಕದ ಕಾಂತರೇಖೆಗಳು ಸೌರಗೋಳಕ್ಕೆ ತಾಗಿ ಅದರ ಮೈಗೆ ಬಿಗಿಯಾಗಿ ಸುತ್ತಿಕೊಳ್ಳುವಾಗ ತಿರುಚಿಕೊಂಡು ಒಳಗಿನ ರೇಖೆಗಳ ದಿಕ್ಕಿಗೇ ಒರಗುತ್ತವೆ ಎಂದು ಓಫರ್ ಮತ್ತು ಡ್ರೇಕ್ 2013ರಲ್ಲಿ ಕಂಪ್ಯೂಟರ್ ಮಾದರಿಯಲ್ಲಿ ತೋರಿಸಿದರು. ತಪ್ಪು ಕಾಂತಮಾಪಕದ್ದಲ್ಲ, ದಿಕ್ಕನ್ನು ಗಡಿಯ ಗುರುತೆಂದು ಒಪ್ಪಿಕೊಂಡ ಷರತ್ತಿನದು.

ಒಂದೇ ನೌಕೆಯ ಸಾಕ್ಷಿಯಲ್ಲವೇ ಎಂಬ ಕೊನೆಯ ಅನುಮಾನವನ್ನು ವಾಯೇಜರ್-2 ನೀಗಿಸಿತು. 2018ರ ನವೆಂಬರ್ 5ರಂದು ಅದು ದಕ್ಷಿಣ ದಿಕ್ಕಿನಲ್ಲಿ, 119 ಖಗೋಳಮಾನದಲ್ಲಿ ಗಡಿ ತಲುಪಿತು. ಒಳಗಿನ ಕಣಗಳು ಕುಸಿದವು, ಹೊರಗಿನವು ಏರಿದವು. ಅದರ ಜೀವಂತ ಪ್ಲಾಸ್ಮಾ ಉಪಕರಣದಲ್ಲಿ ಅದೇ ದಿನ ಸೌರಮಾರುತ ಮಾಯವಾಯಿತು. ಕಾಂತಕ್ಷೇತ್ರದ ದಿಕ್ಕು ಈ ಸಲವೂ ಹೇಳಿಕೊಳ್ಳುವಷ್ಟು ಕದಲಲಿಲ್ಲ. ಕಣಗಳ ಗುರುತು ಎರಡು ಕಡೆ ನಿಂತಿತು, ದಿಕ್ಸೂಚಿಯ ಗುರುತು ಎರಡು ಕಡೆ ಬಿದ್ದಿತು. ಹಾಗೆಂದು ಎರಡು ದಾಟುವಿಕೆಗಳು ಪಡಿಯಚ್ಚಲ್ಲ. ವಾಯೇಜರ್-1ಕ್ಕೆ ಗಡಿಯ ಒಳಗೇ ಹೊರಗಿನ ತುಣುಕುಗಳು ಸಿಕ್ಕಿದ್ದವು; ವಾಯೇಜರ್-2ಕ್ಕೆ ಹೊರಗೆ ಹೋದ ಮೇಲೂ ಒಳಗಿನ ಕಣಗಳು ಕೆಲಕಾಲ ಸೋರಿಬರುತ್ತಿದ್ದವು. ಗಡಿ ಇದೆ, ಆದರೆ ಅದಕ್ಕೆ ಕಿಂಡಿಗಳಿವೆ. ಇನ್ನು, ವಾಯೇಜರ್ ಸೌರವ್ಯೂಹವನ್ನೇ ಬಿಟ್ಟುಹೋಯಿತು ಎಂಬ ಪತ್ರಿಕೆಗಳ ಮಾತು ಸರಿಯಲ್ಲ. ಸೂರ್ಯನ ಗುರುತ್ವಕ್ಕೆ ಕಟ್ಟುಬಿದ್ದ ಧೂಮಕೇತುಗಳ ಊರ್ಟ್ ಮೋಡ ಇನ್ನೂ ಸಾವಿರಾರು ಖಗೋಳಮಾನ ಆಚೆಯವರೆಗೆ ಹಬ್ಬಿದೆ. ದಾಟಿದ್ದು ಸೂರ್ಯನ ಗಾಳಿಯ ಸೀಮೆಯನ್ನು, ಅವನ ಸೆಳೆತದ ಸೀಮೆಯನ್ನಲ್ಲ.

ಹೊರಗೆ ಹೋಗಿ ಎಣಿಸಿದ್ದರಿಂದ ಸಿಕ್ಕ ಲಾಭ ಗಡಿಗಿಂತ ದೊಡ್ಡದು. ಗ್ಯಾಲಕ್ಸಿಯ ವಿಶ್ವಕಿರಣಗಳ ಸುಮಾರು ಶೇ. 70ರಷ್ಟನ್ನು ಸೌರಗೋಳ ತಡೆಯುತ್ತದೆ ಎಂಬ ಅಂದಾಜು ಬಂದದ್ದು ಒಳಗಿನ ಮತ್ತು ಹೊರಗಿನ ಎಣಿಕೆಗಳನ್ನು ಹೋಲಿಸಿ. ಹತ್ತಾರು ಲಕ್ಷ ಎಲೆಕ್ಟ್ರಾನ್ ವೋಲ್ಟ್‌ನ ಕೆಳಮಟ್ಟದವರೆಗೆ ಆ ಕಿರಣಗಳ ಶಕ್ತಿವಿತರಣೆ ಮೊದಲ ಬಾರಿ ಕೈಗೆ ಸಿಕ್ಕಿತು. ಅದರಿಂದ ಹೊಸ ತೊಡಕೂ ಹುಟ್ಟಿತು. ನಕ್ಷತ್ರಗಳ ನಡುವಿನ ವಿರಳ ಮೋಡಗಳಲ್ಲಿ ಹೈಡ್ರೋಜನ್ ಅಯಾನುಗೊಳ್ಳುವ ವೇಗವನ್ನು ಅಲ್ಲಿನ ಅಣುಗಳ ಪ್ರಮಾಣದಿಂದ ಲೆಕ್ಕ ಹಾಕುತ್ತಾರೆ. ವಾಯೇಜರ್ ಎಣಿಸಿದ ಕಿರಣಗಳು ಅದರ ಹತ್ತನೆಯ ಒಂದು ಪಾಲಿಗೂ ಸಾಲುತ್ತಿಲ್ಲ. ಒಂದೋ ಆ ಮೋಡಗಳ ಬಳಿ ಕಿರಣಗಳು ಹೆಚ್ಚಿವೆ, ಇಲ್ಲವೇ ನಮ್ಮ ನೆರೆಹೊರೆ ಬಡವರ ಕೇರಿ.

ಎಣಿಕೆ ಈಗ ಒಂದೊಂದಾಗಿ ನಿಲ್ಲುತ್ತಿದೆ. ಪ್ಲುಟೋನಿಯಂ ಬಿಸಿಯಿಂದ ಬರುವ ವಿದ್ಯುತ್ತು ವರ್ಷಕ್ಕೆ ಸುಮಾರು ನಾಲ್ಕು ವಾಟ್‌ನಂತೆ ಕುಗ್ಗುತ್ತಿರುವುದರಿಂದ ವಾಯೇಜರ್-1ರ ವಿಶ್ವಕಿರಣ ಶೋಧಕವನ್ನು 2025ರ ಫೆಬ್ರುವರಿ 25ರಂದು, ವಾಯೇಜರ್-2ರ ತಿರುಗುವ ಪೀಠದ ಕಣಶೋಧಕವನ್ನು ಅದೇ ವರ್ಷ ಮಾರ್ಚ್ 24ರಂದು ಆರಿಸಲಾಯಿತು. ಅವುಗಳ ಹಿಂದೆ ಅದೇ ಗಡಿಯ ಕಡೆ ಹೊರಟಿರುವುದು 2006ರಲ್ಲಿ ಹಾರಿದ ನ್ಯೂ ಹೊರೈಜನ್ಸ್. 60 ಖಗೋಳಮಾನ ದಾಟಿ ವರ್ಷಕ್ಕೆ ಸುಮಾರು ಮೂರರಂತೆ ಸಾಗುತ್ತಿದೆ. ಅದರಲ್ಲಿ ಸೌರಮಾರುತವನ್ನು ಅಳೆಯುವ ಉಪಕರಣವಿದೆ, ವೇಗದ ಕಣಗಳ ಶೋಧಕವಿದೆ. ಕಾಂತಮಾಪಕವನ್ನು ಕಟ್ಟುವಾಗಲೇ ಇಟ್ಟಿರಲಿಲ್ಲ.